ಮೂಲೆ ಹರಿದ ಎರಡು ಕಾರ್ಡು

ಕಂಬಳಿ ಬಿಸಿಲಿಗೆ ಹಾಕಲು ಮಾಳಿಗೆ ಹತ್ತಿದ್ದೆ. ಮಳೆಗಾಲ ಮುಗಿದು ರಾಯಚೂರಿನ ಬಿಸಿಲು ತನ್ನ ಹಳೆಯ ಬುದ್ಧಿ ತೋರಿಸಲು ಶುರು ಮಾಡಿದ ಮೇಲೆ, ವರ್ಷಕ್ಕೊಮ್ಮೆ ಟ್ರಂಕಿನಿಂದ ಆಯಿಯ ಕರಿ ಕಂಬಳಿ ತೆಗೆದು, ಝಾಡಿಸಿ, ಗೋಡೆಯ ಮೇಲೆ ಹರವುವುದು ನನ್ನ ನೇಮ. ಆಯಿ ಅಂದರೆ ನಮ್ಮಪ್ಪನ ಅವ್ವ. ಆಕೆ ಹೋಗಿ ನಲವತ್ತು ವರ್ಷವಾಗುತ್ತ ಬಂತು. ಬಿಸಿಲು ತಾಗಿದ ಕೂಡಲೇ ಆ ಕಂಬಳಿಯೊಳಗಿಂದ ಒಂದು ವಾಸನೆ ಏಳುತ್ತದೆ. ಉಣ್ಣೆಯದು, ನೇಯುವಾಗ ಹಚ್ಚಿದ ಹುಣಸೆ ಬೀಜದ ಗಂಜಿಯದು, ಒಲೆಯ ಹೊಗೆಯದು, ಅದರ ಕೆಳಗೆಲ್ಲೋ ಆಕೆಯ ಎಲಡಿಕೆಯದು. ಅದು ಮೂಗಿಗೆ ಬರುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಗಬ್ಬೂರಿನಿಂದ ನನ್ನ ತಮ್ಮ ಮಾಳಪ್ಪ.

“ಅಕ್ಕಾ, ಆಯಿ ಹೆಸರಿಗೆ ಒಂದು ಕಾರ್ಡ್ ಬಂದದ,” ಅಂದ. “ಫಾರೇನದು. ಮೂಲಿ ಹರದದ. ನನ್ನ ಹೇಣ್ತಿ ಒಳಗ ತರವಲ್ಲಳು. ಅಂಗಳದಾಗ ಕಲ್ಲಿನ ಮ್ಯಾಲ ಇಟ್ಟು ದೂರ ನಿಂತಾಳ.”

ನಾನು ಕಂಬಳಿಯ ಅಂಚು ಹಿಡಿದು ಅಲ್ಲೇ ಕುಳಿತೆ. ಆ ಕಾರ್ಡು ಹಾಕಿದವಳು ನಾನೇ. ನಾಲ್ಕು ತಿಂಗಳ ಹಿಂದೆ, ಇಂಗ್ಲೆಂಡಿನ ಒಂದು ಹಳ್ಳಿಯಿಂದ.

ಮೂಲೆ ಹರಿದ ಕಾರ್ಡು ಅಂದರೆ ಏನು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಸಾವಿನ ಸುದ್ದಿ ಬರೆದ ಕಾರ್ಡಿನ ಒಂದು ಮೂಲೆ ಹರಿದು ಕಳಿಸುತ್ತಿದ್ದರು, ಓದು ಬಾರದವರಿಗೂ ನೋಡಿದ ಕೂಡಲೇ ತಿಳಿಯಲಿ ಅಂತ. ಅಂಥದ್ದು ಹೊಸ್ತಿಲು ದಾಟುವಂತಿರಲಿಲ್ಲ. ಅಂಗಳದಲ್ಲೇ ಓದಿಸಿ, ಚೂರು ಚೂರು ಹರಿದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು. ನಿಮ್ಮ ಹಿರಿಯರೂ ಹಾಗೆಯೇ ಮಾಡಿರುತ್ತಾರೆ, ಕೇಳಿ ನೋಡಿ.

ಗಬ್ಬೂರಿನ ನಮ್ಮ ಹಳೇ ಮನೆ ಮಣ್ಣಿನ ಮಾಳಿಗೆಯದು. ಮನೆಗೆ ಹತ್ತಿದಂತೆ ಕುರಿದೊಡ್ಡಿ. ಅದರ ಗೋಡೆಗೆ ಮಣ್ಣಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಹೊಂದಿಸಿಟ್ಟದ್ದು. ಅಪ್ಪನ ಅಪ್ಪ, ನಮ್ಮ ಮುತ್ಯಾ, ತೀರಿಹೋದ ಮೇಲೆ ಆಯಿ ಕಂಬಳಿ ಹೊದ್ದು, ಕೋಲು ಹಿಡಿದು, ಕುರಿ ತಾನೇ ಹೊಡೆದುಕೊಂಡು ಹೋದಳು. “ಹೆಣ್ಮಗಳು ಕುರಿ ಕಾಯಾಕ ಹೊಂಟಾಳ ನೋಡ್ರಿ” ಅಂದವರಿಗೆ, “ಕುರಿಗೆ ಗೊತ್ತಾಗವಲ್ದು, ನಿನಗ್ಯಾಕ ಗೊತ್ತಾತು?” ಅಂದಿದ್ದಳಂತೆ. ಬಾಯಿ ತೆರೆದು ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದನ್ನು ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದಳು. ದಿನಾ ಸಂಜೆ ರೊಟ್ಟಿ ಬಡಿದು ಮುಗಿಸಿದ ಮೇಲೆ, ಹಿಟ್ಟು ನಾದುವ ಕೊಣಮಿಗೆಯಲ್ಲಿ ಉಳಿದ ಹಿಟ್ಟಿನಿಂದ ಸಣ್ಣದೊಂದು ರೊಟ್ಟಿ ಮಾಡಿ ನಾಯಿಗೆ ಹಾಕಿಯೇ ತಾನು ಉಣ್ಣುವಳು.

ನನ್ನ ಜೀವದ ಗೆಳತಿ ಎಸ್ತರ್ ಮಾನ್ವಿ ಕಡೆಯವಳು. ಅವಳವ್ವ ನಮ್ಮೂರ ದವಾಖಾನೆಯ ನರ್ಸಬಾಯಿ. ನಾವು ಐದನೆಯ ಇಯತ್ತೆಯಲ್ಲಿದ್ದಾಗ ನರ್ಸಬಾಯಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಹೋದಳು. ಕಾಗದ ಬರೆಯುತ್ತೇನೆ ಅಂತ ಎಸ್ತರ್ ಆಣೆ ಮಾಡಿದ್ದಳು. ತಿಂಗಳುಗಟ್ಟಲೆ ಟಪಾಲದವನ ಹಾದಿ ಕಾದು ನಾನು ಕಾಯುವುದನ್ನೇ ಬಿಟ್ಟಿದ್ದೆ. ಒಂದು ದಿನ ಸಾಲಿಯಿಂದ ಬಂದರೆ ಅಂಗಳದಲ್ಲಿ ಆಯಿ ತುಂಬಿದ ಕೊಡ ಹಿಡಿದು ನಿಂತಿದ್ದಾಳೆ. ಒಳಗೆ ಅವ್ವ ತನ್ನ ತವರಿನ ಒಬ್ಬೊಬ್ಬರ ಹೆಸರು ತೆಗೆದು ಅಳಾಕತ್ತಿದ್ದಾಳೆ. ಕಲ್ಲಿನ ಮೇಲೆ ಒಂದು ಬಣ್ಣದ ಕಾರ್ಡು, ಅದರ ಮೂಲೆ ಹರಿದಿದೆ.

“ಯಾರ ಸತ್ತಾರ ಆಯಿ?”

“ಓದಾಕ ನೀನ ಬರಬೇಕಿತ್ತಲ್ಲ. ಚಿತ್ರ ನೋಡು, ಕುರಿ ಅದಾವ, ಕಾಯಾವ ಇಲ್ಲ. ಕಾಯಾವನ ಹೋಗಿರಬೇಕು.”

ಹಸಿರು ಗುಡ್ಡ, ಕಲ್ಲಿನ ಗೋಡೆ, ಬಿಳಿ ಕುರಿಗಳು. ತಿರುವಿದರೆ ಎಸ್ತರಳ ಅಕ್ಷರ. “ನಾವು ಆರಾಮ ಅದೀವಿ. ಇಲ್ಲಿ ಭಾಳ ಥಂಡಿ. ಇದು ನಮ್ಮೂರ ಹಿಂದಿನ ಗುಡ್ಡ. ನನಗ ಇಲ್ಲಿ ಗೆಳತ್ಯಾರಿಲ್ಲ. ನೀ ಬರೀಲಿಲ್ಲಂದ್ರ ನಾನೂ ಇನ್ನ ಬರಿಯೂದಿಲ್ಲ.” ಕೆಳಗೆ ವಿಳಾಸ. ಯಾರೂ ಸತ್ತಿರಲಿಲ್ಲ. ಆ ಮೂಲೆ ಸಾವಿರಾರು ಮೈಲಿ ಹಾದಿಯಲ್ಲಿ ಎಲ್ಲಿ ಹರಿಯಿತೋ ಏನೋ. ಅವ್ವ ಅಳು ನಿಲ್ಲಿಸಿದಳು. ಆಯಿ ಮಾತ್ರ ಕೊಡದ ನೀರನ್ನು ಸಾಲಿ ಅಂಗಿಯ ಸಮೇತ ನನ್ನ ತಲೆ ಮೇಲೆ ಸುರಿದೇ ಬಿಟ್ಟಳು. “ಹರದದ್ದು ಹರದದ್ದಲ್ಲೇನು? ಈಗ ಅದನ್ನ ಹರದು ಹಳ್ಳಕ್ಕ ಹಾಕು.”

ನಾನು ಕೊಡಲಿಲ್ಲ. ಕಾರ್ಡು ಹೋದರೆ ವಿಳಾಸ ಹೋಗುತ್ತದೆ, ವಿಳಾಸ ಹೋದರೆ ಎಸ್ತರ್ ಹೋಗುತ್ತಾಳೆ. ಅಳಲಿಲ್ಲ, ಬಾಯಿ ಮಾಡಲಿಲ್ಲ. ಕಾರ್ಡನ್ನು ಹಸಿ ಎದೆಗೆ ಒತ್ತಿಕೊಂಡು ಹೊತ್ತು ಮುಳುಗುವ ತನಕ ಅಂಗಳದಲ್ಲೇ ನಿಂತೆ. ಆಯಿ ಕುರಿ ಕೂಡಿಸಿ ಬಂದು ನನ್ನನ್ನು ನೋಡಿದಳು. “ನನ್ನ ಮೊಮ್ಮಗಳ ಹೌದು,” ಅಂದಳು. ಆಮೇಲೆ ದೊಡ್ಡಿಯ ಗೋಡೆಯಲ್ಲಿ ಒಂದು ಕಲ್ಲು ಸರಿಸಿ ಸಂದಿ ಮಾಡಿದಳು. “ಮನಿಯೊಳಗ ಬ್ಯಾಡ. ಇಲ್ಲಿರ್ಲಿ. ಇದು ಹೊರಗೂ ಹೌದು, ನಮ್ಮದೂ ಹೌದು.”

ಅಲ್ಲಿಂದ ದಿನಾ ಸಂಜೆ ಅದನ್ನು ಸಂದಿಯಿಂದ ತೆಗೆದು ಆಕೆಗೆ ಓದಿ ಹೇಳುವುದು ನನ್ನ ಕೆಲಸವಾಯಿತು. ಆಕೆಗೆ ಬೇಕಾದದ್ದು ಬರಹವಲ್ಲ, ಚಿತ್ರ. ಕುರಿಗಳ ಬೆನ್ನಿನ ಮೇಲಿನ ಕೆಂಪು ಗುರುತನ್ನು ಬೆರಳಿನಿಂದ ಮುಟ್ಟಿ, “ನೋಡು, ನಮ್ಮಂಗ ಗುರ್ತ ಹಾಕ್ಯಾರ. ಗುರ್ತ ಹಾಕಿದಾವ ಎಲ್ಲಿ? ಬರದು ಕೇಳು,” ಅಂದಳು. ಬರೆದೆ. ಮಾಸ್ತರರು ವಿಳಾಸ ಬರೆದುಕೊಟ್ಟರು, ಅಪ್ಪ ದೇವದುರ್ಗದ ಸಂತೆಗೆ ಹೋದಾಗ ಟಪಾಲಿಗೆ ಹಾಕಿ ಬಂದ. ಎಸ್ತರಳ ಉತ್ತರ ಬಂತು, ನಾಲ್ಕೂ ಮೂಲೆ ನೆಟ್ಟಗಿದ್ದವು. ಕಾಯುವವರನ್ನು ತಾನು ನೋಡಿಲ್ಲ, ನಾಯಿ ಕಾಯುತ್ತದೆ ಅಂತಾರೆ, ಅಂತ ಬರೆದಿದ್ದಳು. ಆಯಿ ನಕ್ಕಳು. “ನಾಯಿ ಕಾಯತದಂತ. ಆ ನಾಯಿಗೆ ರೊಟ್ಟಿ ಯಾರು ಹಾಕತಾರ? ಮತ್ತೊಮ್ಮಿ ಕೇಳು.” ಕೇಳಿದೆ, ಮತ್ತೂ ಕೇಳಿದೆ. ಪೇಟೆಯ ಮನೆಯಲ್ಲಿದ್ದ ಹುಡುಗಿ ಅವಳು, ಅವಳಿಗೆ ಗೊತ್ತಾಗಲಿಲ್ಲ. ನನ್ನ ಮದುವೆಯ ಹಿಂದಿನ ವರ್ಷ ಆಯಿ ಅದೇ ಮಾತು ಕೇಳುತ್ತ ಕೇಳುತ್ತ ಹೋದಳು.

ನಾನೂ ಎಸ್ತರಳೂ ಕಾರ್ಡು ಬರೆಯುವುದು ಬಿಡಲಿಲ್ಲ. ಮದುವೆ, ಬಾಣಂತನ, ಅವಳ ವಿಧವೆತನ, ನನ್ನ ಮಂಡಿನೋವು, ಎಲ್ಲ ಕಾರ್ಡಿನಲ್ಲೇ ಬಂದವು, ಹೋದವು. ಹೋದ ಬೇಸಿಗೆಯಲ್ಲಿ ಅವಳೇ ಕರೆಸಿಕೊಂಡಳು. ಟಿಕೀಟು ಅವಳದು, ಕಟಕ ರೊಟ್ಟಿ ಶೇಂಗಾ ಹಿಂಡಿ ನನ್ನದು. ನಮ್ಮ ಯಜಮಾನರು, “ಹೋಗಿ ಬಾ, ನಾ ಖಾನಾವಳಿಯಾಗ ಉಂಡರ ಸಾಯೂದಿಲ್ಲ,” ಅಂದರು. ನಮ್ಮ ಮನೆದೇವರು ಬೀರಪ್ಪ ಕೊಟ್ಟ ಸಣ್ಣ ಪುಣ್ಯಗಳಲ್ಲಿ ಅವರೂ ಒಂದು.

ಬಸ್ಸಿನಲ್ಲಿ ಕುಳಿತು ಇಬ್ಬರೂ ಆ ಹಳ್ಳಿಗಾಡು ನೋಡಿದೆವು. ಸಣ್ಣ ಹಾದಿ, ಹಸಿರು ಇಳಿಜಾರು, ಗಾರೆಯಿಲ್ಲದ ಕಲ್ಲಿನ ಗೋಡೆ ಗುಡ್ಡ ಹತ್ತಿ ಇಳಿಯುವುದು. ಗೋಡೆ ಕಂಡಾಗ ನಾನು ಇಳಿಯೋಣ ಅಂದೆ. ಒಂದು ಕಡೆ ಇಳಿದೆವು. ಮುಖ ಕರಿ, ಮೈ ಬಿಳಿ ಕುರಿಗಳು, ಬೆನ್ನಿಗೆ ಕೆಂಪು ಗುರುತು. ಗೋಡೆಯ ಆಚೆ ಮೊಣಕಾಲುದ್ದ ಬೂಟು ಹಾಕಿದ ಮುದುಕಿಯೊಬ್ಬಳು ಒಂದು ಕುರಿ ಹಿಡಿದು ಅದರ ಕಾಲು ನೋಡುತ್ತಿದ್ದಳು. ಪಕ್ಕದಲ್ಲಿ ನಾಯಿ. ನಾನು ಸೀರೆ ಎತ್ತಿ ಕಟ್ಟಿ, ಗೋಡೆ ದಾಟಿ ಹತ್ತಿರ ಹೋಗಿ, ಕುರಿಯ ತುಟಿ ಸರಿಸಿ, “ನಾಕಹಲ್ಲು. ಎರಡು ವರ್ಷದ್ದು,” ಅಂದೆ. ಎಸ್ತರ್ ಅದನ್ನು ಇಂಗ್ಲೀಷಿನಲ್ಲಿ ಹೇಳಿದಳು. ಮುದುಕಿ ನನ್ನ ಸೀರೆ, ಕುಂಕುಮ, ಕೈ ನೋಡಿ ಏನೋ ಕೇಳಿದಳು.

“ನಿನಗ ಇದನ್ನ ಯಾರು ಕಲಿಸಿದ್ರು ಅಂತ ಕೇಳಾಕತ್ತಾಳ,” ಅಂದಳು ಎಸ್ತರ್.

“ನಮ್ಮ ಆಯಿ ಅಂತ ಹೇಳು.”

ಅಷ್ಟು ದೂರದ ನೆಲದ ಮೇಲೆ ಆಯಿಯ ಹೆಸರು ಹೇಳಿದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮುದುಕಿ ತಲೆದೂಗಿ, ಜೇಬಿನಿಂದ ಬ್ರೆಡ್ಡಿನ ತುಂಡು ತೆಗೆದು ನಾಯಿಗೆ ಹಾಕಿದಳು. ಅವತ್ತೇ ಆ ಹಳ್ಳಿಯ ಅಂಗಡಿಯಲ್ಲಿ ಕಾರ್ಡು ಕೊಂಡು, ಆಯಿಯ ಹೆಸರು, ಗಬ್ಬೂರಿನ ವಿಳಾಸ ಬರೆದು ಹಾಕಿದೆ. ಹಾಕುವಾಗ ಅದರ ನಾಲ್ಕೂ ಮೂಲೆ ನೆಟ್ಟಗೇ ಇದ್ದವು.

“ಅಕ್ಕಾ, ಇದ್ದೀಯೇನು?” ಅಂದ ಮಾಳಪ್ಪ. “ಏನ ಮಾಡಲಿ ಇದನ್ನ?”

ಹಳೇ ಮನೆ ಈಗಿಲ್ಲ. ಅದರ ಜಾಗದಲ್ಲಿ ಅವನ ಸಿಮೆಂಟಿನ ಮನೆ ಇದೆ. ದೊಡ್ಡಿಯದು ಒಂದು ಗೋಡೆ ಮಾತ್ರ ಉಳಿದಿದೆ, ಅದರ ಪಕ್ಕ ಸೈಕಲ್ ಮೋಟಾರು ನಿಲ್ಲಿಸುತ್ತಾನೆ.

“ಆ ಗ್ವಾಡಿ ಹಂತ್ಯಾಕ ಹೋಗು. ಮೊದಲ ಜೋರಾಗಿ ಓದು. ಆಮ್ಯಾಲ ಸಂದ್ಯಾಗ ಇಡು.”

ಅವನು ನಡೆದ ಸಪ್ಪಳ ಕೇಳಿಸಿತು. ಓದಿದ. “ಆಯಿ, ಕಾಯಾಕಿ ಅದಾಳ. ನಿನ್ನ ವಯಸ್ಸಿನಾಕಿ. ನಾಯಿಗೆ ಆಕಿನ ಹಾಕತಾಳ.”

ಕಲ್ಲು ಸರಿದ ಸದ್ದಾಯಿತು. ದೂರದಿಂದ ಅವನ ಹೆಂಡತಿಯ ದನಿ: “ಅಕ್ಕಾರ, ಹಂಗಾರ ಎಲ್ಲಾರೂ ಜಳಕ ಮಾಡಬೇಕೇನ್ರಿ?”

“ಮಾಡ್ರಿ,” ಅಂದೆ. “ಆಯಿ ಇದ್ದಿದ್ರ ಬಿಡತಿದ್ದಿಲ್ಲ.”

ಕಂಬಳಿಯನ್ನು ಮಗ್ಗುಲು ಬದಲಿಸಿ ಹರವಿ ಕೆಳಗಿಳಿದೆ. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಜೋಳದ ಹಿಟ್ಟು ಕಲೆಸಿ ರೊಟ್ಟಿ ಬಡಿಯಲು ಕುಳಿತೆ. ಕೊಣಮಿಗೆಯ ಅಂಚಿಗೆ ಉಳಿದ ಹಿಟ್ಟನ್ನು ಕೂಡಿಸಿ ಕೊನೆಗೊಂದು ಸಣ್ಣದು ಬಡಿದು, ಓಣಿಯ ನಾಯಿಗೆ ಅಂತ ತೆಗೆದಿಟ್ಟೆ.