ಒಂದು ಹಕಾರದ ಸ್ಕಾಲರ್‌ಶಿಪ್ಪು

ಹೊರದೇಶದಲ್ಲಿ ಎಂ.ಎಸ್ಸಿ. ಓದಲು ನಾನು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ ವರ್ಷ ನಮ್ಮೂರು ಎರಡಾಯಿತು. ವರಮಾನದ ಸರ್ಟಿಫಿಕೇಟು ಮಾಡಿಸಲು ಹೋದ ಅಪ್ಪ, ನಾವೆಲ್ಲ ಹೇಳುವಂತೆ ಹಕಾರ ನುಂಗಿ, ಊರು ‘ಪಣಕಳ್ಳಿ’ ಎಂದಿದ್ದ. ಆಫೀಸಿನವರು ಕಿವಿಗೆ ಬಿದ್ದದ್ದನ್ನೇ ಬರೆದುಕೊಟ್ಟರು. ನನ್ನ ಪಾಸ್‌ಪೋರ್ಟಿನಲ್ಲಿದ್ದದ್ದು ‘ಪಣಕಹಳ್ಳಿ’. ಬಡತನ ಒಂದೂರಿನದು, ಬಡವಳು ಇನ್ನೊಂದೂರಿನವಳು! ಎರಡೂ ಒಂದೇ ಊರೆಂಬುದಕ್ಕೆ ಹತ್ತು ದಿನದೊಳಗೆ ದಾಖಲೆ ಕಳಿಸಿ ಎಂದು ಸ್ಕಾಲರ್‌ಶಿಪ್ಪಿನವರ ಮಿಂಚಂಚೆ ಬಂತು.

“ಊರು ಅಲ್ಲೇ ಅದೆ ಕಣವ್ವ, ಎಲ್ಗೂ ಓಗಿಲ್ಲ,” ಎಂದ ಅಪ್ಪ.

ಅಪ್ಪ ಕೂಲಿ ಬಿಟ್ಟು ನನ್ನೊಡನೆ ಬಸ್ಸು ಹತ್ತಿದ. ಅದೇ ಆಫೀಸಿಗೆ ಐದು ಸಲ ಅಲೆದ ಮೇಲೆ, ಗಡುವಿನ ಕೊನೆಯ ದಿನ, ಸೀಲು ಬಿದ್ದ ಕಾಗದ ಕೈಗೆ ಬಂತು. ಟೈಪು ಮಾಡಿದಾತ ಬಲು ಶಿಸ್ತಿನ ಮನುಷ್ಯ. ನಾನು ಬರೆದುಕೊಟ್ಟಿದ್ದ ‘ಪಣಕಳ್ಳಿ’ಯನ್ನು ಕಾಗುಣಿತದ ತಪ್ಪೆಂದು ತಾನೇ ತಿದ್ದಿದ್ದ: ‘ಪಣಕಹಳ್ಳಿ ಮತ್ತು ಪಣಕಹಳ್ಳಿ ಒಂದೇ ಊರೆಂದು ದೃಢೀಕರಿಸಲಾಗಿದೆ.’

ಏನು ಬರೆದಿದ್ದಾರೆಂದು ಅಪ್ಪ ಕೇಳಿದ. ಇದ್ದದ್ದನ್ನು ಇದ್ದಂತೆ ಓದಿ ಹೇಳಿದೆ. ಅವನ ಮುಖ ಅರಳಿತು.

“ನೋಡ್ದಾ? ನಾ ಮೊದ್ಲಿಂದ ಏಳ್ತಿದ್ದದ್ದೂ ಅದ್ನೇ ಅಲ್ವಾ?”