ಕರೆಂಟಿಗೆ ಮುಗಿದ ಕೈ

ಸಂಜೆ ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಸ್ವಿಚ್ ಒತ್ತಿ, ಉರಿಯುವ ಬಲ್ಬಿಗೂ ಕೈ ಮುಗಿಯುವುದು ನನ್ನ ರೂಢಿ. ನಿಮ್ಮ ಮನೆಯಲ್ಲೂ ಇರಬಹುದು, ಹೇಳಿಕೊಳ್ಳುವುದಿಲ್ಲ ಅಷ್ಟೆ. ನಲ್ಲಿಯ ನೀರು, ಕರೆಂಟು, ಅವ್ವನ ಉಸಿರು, ಬಂದಷ್ಟೂ ದೇವರ ದಯೆ ಎಂದುಕೊಂಡವಳು ನಾನು. ಮೊನ್ನೆ ಕೈ ಎತ್ತುವಷ್ಟರಲ್ಲಿ ನಮ್ಮವರು ಪೇಪರಿನಿಂದ ತಲೆಯೆತ್ತಿ, “ಇನ್ನ ಮ್ಯಾಲೆ ಕರೆಂಟೂ ಫೋನಿನ ಸಿಮ್ಮಿನಂಗ ಆಗತದಂತ. ಒಂದ ಊರಾಗ ನಾಕೈದು ಕಂಪನಿ. ಬೇಕಾದವರ ಹತ್ರ ತಗೊಳ್ಳಾಕ ಕಾನೂನು ತರ್ತಾರಂತ” ಎಂದರು.

ಎತ್ತಿದ ಕೈ ಅಲ್ಲೇ ನಿಂತಿತು. ಹಾಗಾದರೆ ಇನ್ನು ಯಾರಿಗೆ ಮುಗಿಯಲಿ?

ಈ ರೂಢಿ ಕಲಿಸಿದವಳು ಅವ್ವ. ನಾವು ಚಿಕ್ಕವರಿದ್ದಾಗ ನಮ್ಮೂರು ಗಬ್ಬೂರಿನಲ್ಲಿ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತಿತ್ತು. ಬಂದರೆ ಅವ್ವ “ಬಂದ್ಯಾ ಯಪ್ಪಾ” ಎಂದು ನಮಸ್ಕರಿಸಿ, ಜೋಳದ ಡಬ್ಬಿ ಹೊತ್ತು ಗಿರಣಿಗೆ ಓಡುವಳು. ಊರಿಗೆ ಒಂದೇ ಗಿರಣಿ. ಯಜಮಾನ ಗದರುವನು: “ಡಬ್ಬಿ ಇಟ್ಟು ಹೋಗ್ಬೇ, ನಿಂದೇನು ಅವಸರ!” ಎದುರಿಗೆ ಖಾಜಾಸಾಬರ ಗಿರಣಿ ಆದ ಮೇಲೆ ಅದೇ ಮನುಷ್ಯ, “ಬರ್ರಿ ಯವ್ವಾ, ನೆಳ್ಳಿಗಿ ಕುಂದರ್ರಿ” ಎನ್ನತೊಡಗಿದ. ಅವ್ವನಿಗೆ ಅದು ಪವಾಡವಾಗಿ ಕಂಡಿತು. ಆದರೂ ಖಾಜಾಸಾಬರ ಕಡೆ ಹೋಗುವಾಗ, ಹಳಬನಿಗೆ ಬೇಸರವಾದೀತೆಂದು ಡಬ್ಬಿಯ ಮೇಲೆ ಸೆರಗು ಹೊದಿಸುತ್ತಿದ್ದಳು. ತಲೆಯ ಮೇಲಿನ ಡಬ್ಬಿ ಸೆರಗಿನಲ್ಲಿ ಮರೆಯಾಗುತ್ತದೆಯೇ! ಕರೆಂಟು ಹೋದರೆ ಮಾತ್ರ ಎರಡೂ ಗಿರಣಿ ಸುಮ್ಮನಾಗಿ, ಇಬ್ಬರೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು.

ಈಗ ಅವ್ವ ರಾಯಚೂರಿನಲ್ಲಿ ನಮ್ಮ ಜೊತೆಗಿದ್ದಾಳೆ. ದಮ್ಮು. ಔಷಧದ ಆವಿ ಕೊಡುವ ಮಷೀನಿಲ್ಲದೆ ಉಸಿರು ಸಡಿಲಾಗದು. ಅಂದು ಪೇಪರಿನ ಸುದ್ದಿ ಕೇಳಿ, ಆ ಮಷೀನಿನ ಮುಂದೆ ಕುಳಿತೇ ಅಳಿಯನನ್ನು ಕೇಳಿದಳು: “ಹೊಸಬರ ಹತ್ರ ತಗೊಂಡ್ರ ಕರೆಂಟ್ ಹೋಗೂದು ನಿಲ್ಲತದೇನ್ರಿ?”

“ಮಾರೋರು ಬ್ಯಾರೆ ಆಗ್ತಾರ ಅತ್ತಿ, ತಂತಿ ಹಳೇದ ಇರ್ತದ.”

“ಮತ್ತ ಹಳಬರು ಸಿಟ್ಟಾದ್ರ?”

ನಾನು ನಕ್ಕೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಷೀನು ನಿಂತು, ಅವ್ವನ ಎದೆಯ ಸಿಳ್ಳೊಂದೇ ಉಳಿಯಿತು. ಅವಳ ಬೆನ್ನು ಸವರುತ್ತ ಕಿಟಕಿಯಾಚೆಯ ತಂತಿ ನೋಡಿದೆ. ಕೃಷ್ಣೆಯ ದಂಡೆಯ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೆಂಕಿ, ಎಲ್ಲಿಯದೋ ಗಾಳಿ, ಎಲ್ಲಿಯದೋ ಬಿಸಿಲು, ಎಲ್ಲ ಕೂಡಿ ಇದರೊಳಗೇ ಬರುತ್ತದಂತೆ. ಊರವರೆಲ್ಲ ಕಾಲುವೆಗೆ ಕೊಡ ಸುರಿದರೆ ಯಾರ ನೀರು ಯಾವುದೆಂದು ಹೇಳುವವರಾರು?

ಕರೆಂಟು ಬಂದು ಮಷೀನು ಗುಂಯ್ ಎಂದಿತು. ಅವ್ವನ ಕೈಗಳು ಕೂಡಿದವು.

“ಯಾರಿಗಿ ಯವ್ವಾ?”

“ಯಾರರೆ ಮಾರ್ಲಿ ಬೇ, ನನ್ನ ಎದಿತನಾ ತಂದಾರಲ್ಲ, ಅವರಿಗೆಲ್ಲಾ.”

ಈಗ ಸಂಜೆ ಸ್ವಿಚ್ ಒತ್ತಿದ ಮೇಲೆ ನಾನು ಕಿಟಕಿಗೆ ಹೋಗಿ, ಕಂಬದ ತಂತಿಯ ಕಡೆ ಕೈ ಮುಗಿಯುತ್ತೇನೆ. ನಮ್ಮವರು ನಗುತ್ತಾರೆ. ಒಳಗೆ ಅವ್ವ ಉಸಿರಾಡುತ್ತಾಳೆ.