ತೂತಿನ ಮುಂದೆ ಜಿಯಾವುಲ್ಲಾ

ಬೆಳಗಿನ ಐದೂವರೆ. ಹಲಸೂರು ಕೆರೆಯ ಹಿಂದಿನ ವರ್ಕ್‌ಶಾಪಿನಲ್ಲಿ ಜಿಯಾವುಲ್ಲಾ ಕರೆಂಟಿನ ಕುಲುಮೆಯ ಮುಂದೆ ಬಗ್ಗಿ, ಕಪ್ಪು ಕನ್ನಡಕದೊಳಗಿಂದ ಬೆರಳಗಲದ ತೂತನ್ನು ನೋಡುತ್ತಿದ್ದಾರೆ. ಒಳಗೊಂದು ಮಣ್ಣಿನ ಗೋಲಿ ಇದೆ.

"ಗೋಲಿ ಕಾಣೋವರೆಗೂ ಕಾವು ಸಮ ಆಗಿಲ್ಲ ಅಂತ. ಗೋಡೆ, ಗೋಲಿ ಒಂದೇ ಬಣ್ಣ ಆಗಿ ಏನೂ ಕಾಣ್ದಂಗಾದ್ರೆ ಆಗ ನಮ್ಮ ಕೆಲಸ ಶುರು."

ಊರು ಎದ್ದ ಮೇಲೆ ಕರೆಂಟು ಏರಿಳಿಯುತ್ತದೆ. ಅದಕ್ಕೇ ಈ ಹೊತ್ತು. ಕುಲುಮೆಗಳಿಂದ ಹೊಮ್ಮುವ ಕಾವನ್ನು ಅಳೆಯುವ ಮಾಪಕಗಳು ದಿನಕ್ಕೆ ನಾಲ್ಕು ಇಲ್ಲಿಗೆ ಬರುತ್ತವೆ. ಸರಿಯೆಂದು ಗೊತ್ತಿರುವ ಮಾಪಕವನ್ನು ಮೊದಲು ತೂತಿನ ಮುಂದಿಟ್ಟು, ಆಮೇಲೆ ಬಂದದ್ದನ್ನು ಅದೇ ಜಾಗದಲ್ಲಿಟ್ಟು ಅವರು ಮುಳ್ಳುಗಳನ್ನು ಹೋಲಿಸುತ್ತಾರೆ. ಎರಡನೇ ಮಹಾಯುದ್ಧದ ನಡುವೆ ಇಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಈಗ ಆರನೆಯ ವರ್ಷ. ಮುಂಗೈ ತುಂಬ ಸುಟ್ಟ ಕಲೆ.

ಇಂದು ವಿಮಾನದ ಬಿಡಿಭಾಗ ಹದಮಾಡುವ ಶೆಡ್ಡೊಂದರ ಮಾಪಕ ಬಂದಿದೆ. ನೂರು ತೋರಿಸಬೇಕಾದಲ್ಲಿ ಎಪ್ಪತ್ತು ತೋರಿಸುತ್ತಿದೆ.

"ಲಾರಿ ಬಾಗ್ಲಲ್ಲೇ ನಿಂತೈತೆ ಸಾಬ್ರೇ. ಹಂಗೇ ಚೀಟಿ ಬರೆದು ಕಳಿಸ್ರೀ," ಎನ್ನುತ್ತಾರೆ ಮೇಸ್ತ್ರಿ ಶ್ರೀರಾಮಪ್ಪ.

"ಕಮ್ಮಿ ತೋರಿಸ್ತೈತೆ ಅಂತ ಅವ್ರು ಇನ್ನೂ ಕಾಯಿಸ್ತಾರೆ. ಕಾವು ಹೆಚ್ಚಾಗಿ ಕೆಟ್ಟ ಲೋಹ ವಿಮಾನದಲ್ಲಿ ಮೇಲಕ್ಕೆ ಹಾರ್ತೈತೆ. ಲಾರಿ ನೆಲದ ಮೇಲೆ ನಿಂತಿರ್ಲಿ ಬಿಡಿ."

ಮಾಪಕವನ್ನು ಬಿಚ್ಚುತ್ತಾರೆ. ಕಾವು ಹೀರಲು ಮಸಿ ಬಳಿದಿರಬೇಕಾದ ಮುಖದ ಬಿಲ್ಲೆ ಫಳಫಳ ಹೊಳೆಯುತ್ತಿದೆ. ಯಾರೋ ಕೊಳೆಯೆಂದು ಉಜ್ಜಿದ್ದಾರೆ. ಜಿಯಾವುಲ್ಲಾ ನಗುತ್ತಾರೆ. ರಸೆಲ್ ಮಾರ್ಕೆಟ್ ಪಕ್ಕದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಿ ಹೊಳೆಸುವ ಅಂಗಡಿಯವರ ಮಗ ಅವರು.

"ಮೊದಲ ವಾರ ನಾನೂ ಏಳು ಬಿಲ್ಲೆ ಉಜ್ಜಿ ಕನ್ನಡಿ ಮಾಡಿಟ್ಟಿದ್ದೆ. ಶಹಬ್ಬಾಸ್ ಅಂತಾರೆ ಅಂದ್ಕೊಂಡಿದ್ದೆ."

"ಅವತ್ತು ನನ್ನ ನೌಕರಿ ಉಳಿದಿದ್ದೇ ಹೆಚ್ಚು," ಎನ್ನುತ್ತಾರೆ ಶ್ರೀರಾಮಪ್ಪ.

ಹೆಂಡತಿ ಕಮರುನ್ನೀಸಾ ಹರಳೆಣ್ಣೆ ದೀಪದಲ್ಲಿ ಹಿಡಿದ ಮಸಿ ಡಬ್ಬಿಯಲ್ಲಿದೆ. ಅದನ್ನು ವಾರ್ನಿಷಿನಲ್ಲಿ ಕಲಸಿ ತೆಳ್ಳಗೆ ಬಳಿದು ಒಣಗಿಸುತ್ತಾರೆ. ಹೊರಗೆ ಡ್ರೈವರು ಹಾರನ್ ಒತ್ತುತ್ತಲೇ ಇದ್ದಾನೆ. ಬೀದಿಯ ಗಿರಣಿ ಶುರುವಾದರೆ ಕರೆಂಟು ಕುಸಿಯುತ್ತದೆ, ಅಷ್ಟರೊಳಗೆ ಮುಗಿಯಬೇಕು. ಗೋಲಿ ಮತ್ತೆ ಮಾಯವಾಗುತ್ತದೆ. ಮುಳ್ಳು ತೊಂಬತ್ತೊಂಬತ್ತಕ್ಕೆ ನಿಲ್ಲುತ್ತದೆ. ಕಡಿಮೆ ಬಿದ್ದ ಆ ಒಂದನ್ನೂ ಚೀಟಿಯಲ್ಲಿ ಬರೆಯುತ್ತಾರೆ.

"ಉಜ್ಜಿದವರನ್ನ ಬೈಬೇಡಿ ಅಂತ ಹೇಳಪ್ಪ," ಎಂದು ಡ್ರೈವರಿಗೆ ಮಾಪಕ ಒಪ್ಪಿಸುತ್ತಾರೆ.

ಸಂಜೆ ಮನೆಗೆ ಹೋದರೆ, ಇವತ್ತು ಏನು ಹೊಳೆಸಿದೆ ಎಂದು ತಂದೆ ಕೇಳುತ್ತಾರಂತೆ.

"ಒಂದಿನ ಅಬ್ಬಾನ ಕರ್ಕೊಂಡ್ಬಂದು ಈ ತೂತು ತೋರಿಸ್ಬೇಕು. ಒಳಗೆ ಏನೂ ಕಾಣ್ಸಲ್ವಲ್ಲೋ ಅಂತಾರೆ. ಅದೇ ಅಬ್ಬಾ ನನ್ನ ಕೆಲಸ ಅಂತ ಹೇಳ್ತೀನಿ."